ಅರ್ಧ ಗುರುವಿನದು, ಅರ್ಧ ಶಿಷ್ಯನದು



ಸಿರವಾರದಿಂದ ಉತ್ತರಕ್ಕೆ ಹೋದರೆ ದೇವದುರ್ಗ, ದಕ್ಷಿಣಕ್ಕೆ ಮಾನ್ವಿ, ಪೂರ್ವಕ್ಕೆ ರಾಯಚೂರು. ಹತ್ತಿ, ಜೋಳ, ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತ. ಇದಿಷ್ಟೇ ಇಲ್ಲಿನ ಬೆಳೆಯೆಂದು ದಾರಿಹೋಕರು ತಿಳಿದಾರು. ಆದರೆ ಹದಿನೆಂಟನೆಯ ಶತಮಾನದಲ್ಲಿ ಇದೇ ಸೀಮೆ ಕವಿಗಳ ಒಂದು ಗುರುಪರಂಪರೆಯನ್ನೇ ಬೆಳೆಸಿತು. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ಅವರ ಶಿಷ್ಯರಾದ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಗೋಪಾಲದಾಸರ ಶಿಷ್ಯರಾದ ಬ್ಯಾಗವಾಟದ ಜಗನ್ನಾಥದಾಸರು. ಕ್ರೈಸ್ತ ಗುರುವೊಬ್ಬನು ಹರಿದಾಸರ ಕುರಿತು ಬರೆಯುವುದೇಕೆಂದು ನೀವು ಕೇಳಬಹುದು. ಕಾರಣ, ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಲಯದ ಮಕ್ಕಳಿಗೆ ಭಾನುವಾರ ಸಂಜೆ ಕವಿತೆ ಬರೆಯುವುದನ್ನು ಕಲಿಸುತ್ತಿದ್ದೆ. ಗುರುಮಠದ ದಿನಗಳಿಂದಲೂ ಭಕ್ತಿಗೀತೆಗಳನ್ನು ಬರೆದವನೆಂಬ ಹೆಮ್ಮೆ ನನಗಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಹಾಳೆ ತಂದುಕೊಟ್ಟ. ‘ನಮ್ಮವ್ವ ಗುಳೆ ಹೋಗ್ಯಾಳ, ಒಲಿ ಸುಮ್ಮನ ಕುಂತೈತಿ’ ಎಂದು ಅದರ ಮೊದಲ ಸಾಲು. ನಾನು ಕೆಂಪು ಮಸಿಯ ಲೇಖನಿ ಹಿಡಿದೆ. ‘ಅವ್ವ’ ಹೋಗಿ ‘ಮಾತೆ’ ಬಂದಳು, ‘ಗುಳೆ’ ಹೋಗಿ ‘ವಲಸೆ’ ಬಂದಿತು, ಒಲೆಯು ‘ಮೌನವಾಗಿ ಆಸೀನವಾಯಿತು’. ಹುಡುಗ ಓದಿ ನೋಡಿದ. “ಚೊಲೊ ಆಗೇದ್ರಿ ಫಾದರ್. ಆದ್ರ ಇದ್ರಾಗ ನಮ್ಮವ್ವ ಇಲ್ರಿ” ಎಂದ. ನಾನು ನಕ್ಕು, ಕಲಿಯುತ್ತಾ ಹೋದಂತೆ ತಿಳಿಯುತ್ತದೆ ಎಂದೆ. ಹತ್ತನೆಯ ತರಗತಿ ಮುಗಿಸಿ ಹೊರಡುವವರೆಗೆ ಅವನು ನನಗೆ ಮತ್ತೊಂದು ಕವಿತೆಯನ್ನು ತೋರಿಸಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿದ್ದ ಬಲಿಪೂಜೆಯನ್ನು ಜನರ ಭಾಷೆಗೆ ತಂದುಕೊಂಡ ಧರ್ಮಸಭೆಯ ಗುರು ನಾನು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಗ್ಗೆ ಗುರುಮಠದಲ್ಲಿ ಪರೀಕ್ಷೆಯನ್ನೂ ಬರೆದಿದ್ದೆ. ಆದರೂ ಒಬ್ಬ ಹುಡುಗನ ಮನೆಮಾತು ನನಗೆ ತಿದ್ದಬೇಕಾದ ದೋಷವಾಗಿ ಕಂಡಿತು.

ಆಮೇಲೆ ಜಗನ್ನಾಥದಾಸರ ಜೀವನವನ್ನು ಓದಿದಾಗ ನನ್ನ ಮುಖವನ್ನೇ ಕನ್ನಡಿಯಲ್ಲಿ ಕಂಡಂತಾಯಿತು. 1728ರಲ್ಲಿ ಜನಿಸಿದ ಅವರ ಮೊದಲ ಹೆಸರು ಶ್ರೀನಿವಾಸ. ಸಂಸ್ಕೃತ ಶಾಸ್ತ್ರಗಳಲ್ಲಿ ಘನವಿದ್ವಾಂಸರು. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಪದ ಹಾಡುವವರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲದೆ ಹೊಟ್ಟೆನೋವಿನ ನೆಪ ಹೇಳಿಕಳುಹಿಸಿದರಂತೆ. ನೆಪವೇ ನಿಜವಾಗಿ ರೋಗ ಬಾಧಿಸಿತೆಂದೂ ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದೂ ಪರಂಪರೆ ಹೇಳುತ್ತದೆ. ಅದು ಭಕ್ತರ ನಂಬಿಕೆ. ನನ್ನನ್ನು ತಟ್ಟಿದ್ದು ಅನಂತರದ ಸಂಗತಿ. ಆ ಪಂಡಿತರು ಕನ್ನಡದಲ್ಲಿ ಬರೆಯತೊಡಗಿದರು.

ಕುಮಾರವ್ಯಾಸನು ಭಾರತ ಕಥೆಗೆ ಬಳಸಿದ ಭಾಮಿನಿ ಷಟ್ಪದಿಯಲ್ಲಿಯೇ ಅವರು ‘ಹರಿಕಥಾಮೃತಸಾರ’ವನ್ನು ರಚಿಸಿದರು. ‘ತತ್ತ್ವಸುವ್ವಾಲಿ’ಗೆ ತ್ರಿಪದಿಯನ್ನು ಆರಿಸಿಕೊಂಡರು, ಕುಟ್ಟುತ್ತ ಬೀಸುತ್ತ ಹೆಂಗಸರು ಹಾಡಿಕೊಳ್ಳುವ ಮಟ್ಟು ಅದು. ಜನರ ಮಾತಿಗೆ ಬಂದರೆಂದು ಶಿಸ್ತನ್ನು ಸಡಿಲಿಸಲಿಲ್ಲ. ಭಾಮಿನಿಯ ಮೂರನೆಯ, ಆರನೆಯ ಸಾಲುಗಳಿಗೆ 23 ಮಾತ್ರೆ, ಉಳಿದ ನಾಲ್ಕಕ್ಕೆ 14. ಆ ಲೆಕ್ಕ ತಪ್ಪಿದರೆ ಹಾಡು ಕುಂಟುತ್ತದೆ. ನಮ್ಮ ಹುಡುಗನ ಸಾಲಿಗೂ ತನ್ನದೇ ಒಂದು ನಡೆ ಇತ್ತು. ನಾನು ಅದನ್ನು ಕಿವಿಗೊಟ್ಟು ಕೇಳದೆಯೇ ಮುರಿದಿದ್ದೆ.

ಈ ಪರಂಪರೆಯಲ್ಲಿ ಗುರುವು ಶಿಷ್ಯನಿಗೆ ಕೊಡುವುದು ಅಂಕಿತವನ್ನು. ಶಿಷ್ಯನು ತನ್ನ ಪದದ ಕೊನೆಯಲ್ಲಿ ಅದನ್ನಿಟ್ಟು ಮುಗಿಸುತ್ತಾನೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಗಮನಿಸಿ ಓದುಗರೇ, ವಿಠಲನೆಂಬ ಅರ್ಧ ಎಲ್ಲರಿಗೂ ಒಂದೇ. ಉಳಿದರ್ಧ ಆಯಾ ಶಿಷ್ಯನಿಗೇ ಮೀಸಲು. ಮುಂದೆ ಜಗನ್ನಾಥದಾಸರೂ ಲಿಂಗಸುಗೂರಿನ ತಮ್ಮ ಶಿಷ್ಯರಿಗೆ ಪ್ರಾಣೇಶವಿಠಲ ಎಂಬ ಅಂಕಿತವನ್ನೇ ಕೊಟ್ಟರು, ತಮ್ಮ ಅಂಕಿತವನ್ನಲ್ಲ. ಕಾವ್ಯಪಾಠದ ಮರ್ಮ ಇಲ್ಲಿದೆಯೆಂದು ನನಗನ್ನಿಸುತ್ತದೆ. ಛಂದಸ್ಸು, ಮಟ್ಟು, ಹಿರಿಯರ ಪದಗಳ ಪರಿಚಯ, ಇವನ್ನು ಗುರು ಕೊಡಬೇಕು, ಕೊಡದೆ ಹೋದರೆ ಕರ್ತವ್ಯಲೋಪ. ಆದರೆ ಶಿಷ್ಯನ ಅವ್ವನನ್ನು ಗುರು ಕೊಡಲಾರ. ಅವಳನ್ನು ಅವನೇ ತರಬೇಕು. ನಾನು ಕೊಡಬೇಕಾದ ಅರ್ಧವನ್ನು ಕೊಡದೆ, ಹುಡುಗ ತಂದಿದ್ದ ಅರ್ಧವನ್ನು ಕಿತ್ತುಕೊಂಡಿದ್ದೆ.

ಈಗಲೂ ಭಾನುವಾರದ ಪಾಠ ನಡೆಯುತ್ತದೆ. ಕೆಂಪು ಮಸಿಯನ್ನು ಬಿಟ್ಟಿದ್ದೇನೆ. ಮಕ್ಕಳು ಬರೆದದ್ದನ್ನು ಮೊದಲು ಅವರ ಬಾಯಿಂದಲೇ ಎರಡು ಸಲ ಕೇಳುತ್ತೇನೆ, ಎಲ್ಲಿ ಉಸಿರು ತಡೆಯಿತೋ ಅಲ್ಲಿ ಬೆರಳಿಟ್ಟು, “ಇಲ್ಲಿ ಏನು ಹೇಳಬೇಕಂತಿದ್ದಿ?” ಎನ್ನುತ್ತೇನೆ. ಹೆಚ್ಚಿನ ಸಲ ಅವರು ಬಾಯಲ್ಲಿ ಹೇಳುವ ಮಾತೇ ಬರೆದ ಮಾತಿಗಿಂತ ಚೆನ್ನಾಗಿರುತ್ತದೆ. ಅದನ್ನೇ ಬರೆ ಎನ್ನುತ್ತೇನೆ. ಮಾತ್ರೆ ಎಣಿಸುವುದನ್ನು ಆಮೇಲೆ ಕಲಿಸುತ್ತೇನೆ.

ಆ ಹುಡುಗ ಇಂದು ಎಲ್ಲಿದ್ದಾನೋ ತಿಳಿಯದು. ಅವನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಸಿಕ್ಕಿಲ್ಲ. ನಿಮ್ಮಲ್ಲಿ ಶಿಕ್ಷಕರಿದ್ದೀರಿ, ಧರ್ಮೋಪದೇಶಕರಿದ್ದೀರಿ, ತಂದೆತಾಯಿಗಳಿದ್ದೀರಿ. ಮಗುವೊಂದು ತಾನು ಬರೆದ ಹಾಳೆಯನ್ನು ತಂದು ಮುಂದೆ ಹಿಡಿದಾಗ ಲೇಖನಿಯನ್ನು ಕೆಳಗಿಡಿ. ಒಮ್ಮೆ ಓದಿ ಹೇಳು ಎನ್ನಿ, ಮುಗಿಯುವವರೆಗೆ ಕೇಳಿ.