ಸವಾಲಿಗಿಟ್ಟ ಕೌದಿ

ಧಾರವಾಡದ ಹತ್ತಿರದ ನಮ್ಮ ಊರಿನ ಮಹಿಳಾ ಮಂಡಳದಲ್ಲಿ ವಾರ್ಷಿಕೋತ್ಸವದ ದಿನ ಸವಾಲು ಕೂಗುವ ಪದ್ಧತಿ ಇದೆ. ಸದಸ್ಯೆಯರು ಮನೆಯಿಂದ ಒಂದೊಂದು ವಸ್ತು ಕೊಡುವುದು, ಬಂದವರು ಪೈಪೋಟಿಯಿಂದ ಬೆಲೆ ಏರಿಸಿ ಕೊಳ್ಳುವುದು, ಆ ಹಣದಲ್ಲಿ ಹತ್ತನೇ ತರಗತಿ ಮುಗಿಸಿದ ಬಡ ಹುಡುಗಿಯರ ಕಾಲೇಜು ಫೀ ಕಟ್ಟುವುದು. ಕಳೆದ ವರ್ಷ ಈ ಜವಾಬ್ದಾರಿ ನನ್ನ ತಲೆಗೆ ಬಂತು. "ಲೆಕ್ಕದಾಗ ನೀವು ಭಾಳ ಶಾಣ್ಯಾರು" ಎಂದು ಅಧ್ಯಕ್ಷೆಯವರು ಹೊಗಳಿದಾಗ ಉಬ್ಬಿ ಒಪ್ಪಿಕೊಂಡುಬಿಟ್ಟೆ!

ಸಾಮಾನು ಬರತೊಡಗಿದ ಮೇಲೆ ಕಷ್ಟ ಗೊತ್ತಾಯಿತು. ಹಿತ್ತಾಳೆ ಸಮೆ, ಐದು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಡಬ್ಬಿ ತುಂಬ ಶೇಂಗಾ ಹೋಳಿಗೆ, ಕಸೂತಿ ಹಾಕಿದ ಇಳಕಲ್ ಸೀರೆ, ಹೀಗೆ ಒಟ್ಟು 28. ಒಂದೊಂದಕ್ಕೆ ಐದು ನಿಮಿಷವೆಂದರೂ ರಾತ್ರಿ ಊಟ ತಪ್ಪಿದಂತೆಯೇ. ಹತ್ತನ್ನು ಮಾತ್ರ ಸವಾಲಿಗೆ ಆರಿಸಿ, ಉಳಿದವಕ್ಕೆ ಬೆಲೆಯ ಚೀಟಿ ಹಚ್ಚಿ ಮೇಜಿನ ಮೇಲೆ ಮಾರಾಟಕ್ಕಿಡುವುದೆಂದು ನಿಶ್ಚಯಿಸಿದೆ.

ನಮ್ಮ ಅತ್ತೆಯವರು ಕೊಟ್ಟದ್ದು ಒಂದು ಕೌದಿ. ಹಳೇ ಸೀರೆಯ ಕೌದಿ ಯಾರು ಕೊಳ್ಳುತ್ತಾರೆ? ಬೇಡ ಅನ್ನಲೂ ಬಾಯಿ ಬರಲಿಲ್ಲ. ಹತ್ತನೆಯದಾಗಿ ಕೊನೆಗೆ ಸೇರಿಸಿ, ಆರಂಭದ ಬೆಲೆ 100 ರೂಪಾಯಿ ಎಂದು ಬರೆದೆ. ಕಸೂತಿ ಸೀರೆಗೆ ಮಾತ್ರ ಉದ್ದನೆಯ ಚೀಟಿ: ಗವಂತಿ, ಮುರಗಿ, ನೇಗಿ, ಮೆಂತಿ ನಾಲ್ಕೂ ಬಗೆಯ ಹೊಲಿಗೆ, ಬಟ್ಟೆಯ ಎಳೆ ಎಣಿಸಿ ಹಾಕಿದ್ದು, ಹಿಂದೆ ಒಂದೂ ಗಂಟಿಲ್ಲ ಎಂದೆಲ್ಲ. ಕೌದಿಯ ಚೀಟಿಯಲ್ಲಿ "ಹಳೆಯ ಕೌದಿ" ಎಂದಷ್ಟೇ.

ಅತ್ತೆಯವರು ಚಾಳೀಸು ಏರಿಸಿ ಅದನ್ನೋದಿದರು.

"ಹಳೇದು ಅಂತ ಯಾಕ ಬರದಿ? ಬಟ್ಟಿ ಹಳೇವು, ಕೌದಿ ಹೊಸಾದು."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಪಕ್ಕದಲ್ಲಿ ಕುಳಿತು ಕೇಳಿದೆ. ಒಂದೊಂದೇ ತುಣುಕು ಮುಟ್ಟಿ ತೋರಿಸಿದರು. "ಇದು ನಿಮ್ಮ ಮಾವನವರ ಧೋತರ. ಇದು ನನ್ನ ಬಾಣಂತನದ ಸೀರಿ. ಈ ಹಸರ ತುಣಕು ನಿನ್ನ ಲಗ್ನದ ಕುಬಸದ್ದು." ಮೂರು ತಿಂಗಳ ಕೆಲಸ. ನಾನು ಮಧ್ಯಾಹ್ನ ಮಲಗಿದಾಗ ಅವರು ಸೂಜಿ ಹಿಡಿದು ಕೂತಿರುತ್ತಿದ್ದರು. ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

ಅವರು ಹೇಳಿದ್ದನ್ನೇ ಚೀಟಿಗೆ ಬರೆದೆ. ಆರಂಭದ ಬೆಲೆ 1,000 ಮಾಡಿದೆ. ಜಾಗವನ್ನೂ ನಾಲ್ಕನೆಯದಕ್ಕೆ ಬದಲಿಸಿದೆ. ಮೊದಲಿಗೇ ಒಳ್ಳೆಯದನ್ನಿಟ್ಟರೆ ಜನ ಇನ್ನೂ ಸಂಕೋಚದಲ್ಲಿರುತ್ತಾರೆ. ಕೊನೆಗಿಟ್ಟರೆ ಊಟದ ವಾಸನೆಗೆ ಎದ್ದುಬಿಡುತ್ತಾರೆ.

ಅಂದು ಇಬ್ಬರು ಹುಡುಗಿಯರು ಕೌದಿ ಬಿಡಿಸಿ ಹಿಡಿದು ಕುರ್ಚಿಗಳ ನಡುವೆ ನಡೆದರು. ನಾನು ಚೀಟಿ ಓದಿದೆ. ಸಭೆ ಗಪ್ಪಾಯಿತು. 1,000, 1,200, 1,500... ಹಸಿರು ತುಣುಕು ಕಣ್ಣಿಗೆ ಬಿದ್ದದ್ದೇ ತಡ, ಮೈಕಿನಲ್ಲೇ "2,000" ಅಂದುಬಿಟ್ಟೆ! ಕೂಗುವವಳೇ ಕೊಳ್ಳಹೊರಟಳೆಂದು ಎಲ್ಲರೂ ನಕ್ಕರು. ಹಿಂದಿನ ಸಾಲಿನಿಂದ ನರ್ಸಬಾಯಿಯೊಬ್ಬರು "2,500" ಅಂದರು. ನನ್ನ ತಿಂಗಳ ಖರ್ಚಿನ ಲೆಕ್ಕ ನನಗೆ ಗೊತ್ತಿತ್ತು. ಗಂಟಲು ಬಿಗಿಯಿತು. ಒಂದು ಸಾರೆ, ಎರಡು ಸಾರೆ, ಮೂರು ಸಾರೆ. ಹೋಯಿತು.

ಮನೆಗೆ ಬಂದು "ಅತ್ತಿ, ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲರಿ" ಅಂದೆ.

"ಹೋಗಲಿ ಬಿಡವಾ. ಅವರ ಮಗಳು ಹಾಸ್ಟೆಲಿಗೆ ಒಯ್ತಾಳಂತ. ನಮ್ಮನ್ಯಾಗಿದ್ದರ ಟ್ರಂಕಿನಾಗ ಬಿದ್ದಿರತಿತ್ತು."

ಸೋದರಿಯರೇ, ನಿಮ್ಮೂರಲ್ಲೂ ಸವಾಲು ಇಟ್ಟರೆ, ಬೆಲೆ ಬರೆಯುವ ಮೊದಲು ಕೊಟ್ಟವರ ಪಕ್ಕದಲ್ಲಿ ಐದು ನಿಮಿಷ ಕುಳಿತು ಕೇಳಿ. ಬೆಲೆ ತಾನಾಗಿ ಗೊತ್ತಾಗುತ್ತದೆ.

ಈ ವರ್ಷ ಅತ್ತೆಯವರು ಮತ್ತೊಂದು ಕೌದಿ ಹಾಕಿದ್ದಾರೆ. ಅವರಿಗೀಗ ಕಣ್ಣು ಮಂಜು. ಮಧ್ಯಾಹ್ನದ ನಿದ್ದೆ ಬಿಟ್ಟು ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದು.