ಗುಪ್ತ ಪೆಟ್ಟಿಗೆಯ ಜೀರ್ಣೋದ್ಧಾರ

ಮನೆಯ ದಸ್ತೈವಜುಗಳನ್ನು ಕಾಯುವದು ಹೊಲ ಕಾಯುವದಕ್ಕಿಂತ ಕಡಿಮೆಯ ಕೆಲಸವಲ್ಲವೆಂಬುದನ್ನು ನಮ್ಮ ತುಳಸಿಗೇರಿಯ ಸೀಮೆಯ ಗೃಹಸ್ಥರಿಗೆ ಹೇಳಬೇಕಾದ ಕಾರಣವಿಲ್ಲ. ಆಲಮಟ್ಟಿಯ ಹಿನ್ನೀರಿಗೆ ನೆಲ ಬಿಟ್ಟವರ ಪರಿಹಾರದ ವ್ಯಾಜ್ಯಗಳು ವರ್ಷಾನುವರ್ಷ ನಡೆದ ಪ್ರದೇಶವಿದು. ಇಲ್ಲಿ ಒಂದು ಕಾಗದ ಹೋದರೆ ಒಂದು ಹಕ್ಕೇ ಹೋದಂತೆ. ಆದುದರಿಂದ ನಮ್ಮ ತೀರ್ಥರೂಪರು ಖರೀದಿಪತ್ರ, ವಾಟ್ನಿಪತ್ರ, ಪರಿಹಾರದ ತೀರ್ಪು ಮೊದಲಾದವುಗಳ ಪ್ರತಿಗಳನ್ನು ಗಣಕಯಂತ್ರದಲ್ಲಿಳಿಸಿ, ಎನ್ಕ್‌ಎಫ್‌ಎಸ್ ಎಂಬ ಗುಪ್ತ ಪೆಟ್ಟಿಗೆಯಲ್ಲಿಟ್ಟಿದ್ದರು.

ಈ ಪೆಟ್ಟಿಗೆಯನ್ನು 2003ರಲ್ಲಿ ವೇಲಿಯಂಟ್ ಗಾಫ್ ಎಂಬವರು ಹೊರತಂದರು. ಅದು ಪ್ರತಿಯೊಂದು ಕಡತವನ್ನೂ ಅದರ ಹೆಸರನ್ನೂ ಗೂಢಾಕ್ಷರಗಳಾಗಿ ಮಾರ್ಪಡಿಸಿಡುವದು. ಕಳ್ಳನಿಗೆ ಗಂಟಿನೊಳಗೆ ಏನುಂಟೆಂಬುದು ತಿಳಿಯದು; ಗಂಟುಗಳೆಷ್ಟು, ಒಂದೊಂದರ ಗಾತ್ರವೆಷ್ಟು ಎಂಬುದು ಮಾತ್ರ ಕಾಣುವದು. ನಾವು ಒತ್ತುವ ಸಂಕೇತಪದವು ಕಡತಗಳ ನಿಜವಾದ ಕೀಲಿಯಲ್ಲ. ಆ ಕೀಲಿಯು ಒಂದು ಚಿಕ್ಕ ಕಡತದಲ್ಲಿ ಅಡಗಿದ್ದು, ಸಂಕೇತಪದವು ಅದನ್ನಷ್ಟೇ ತೆರೆಯುವದು. ಆ ಚಿಕ್ಕ ಕಡತ ನಷ್ಟವಾದರೆ ಸಂಕೇತಪದ ಗೊತ್ತಿದ್ದೂ ಪ್ರಯೋಜನವಿಲ್ಲ.

2014ರಲ್ಲಿ ಟೇಲರ್ ಹಾರ್ನ್‌ಬಿ ಎಂಬವರು ಇದನ್ನು ಪರೀಕ್ಷಿಸಿ, ಪರರ ಕೈಗೆ ಒಂದೇ ಕಾಲದ ಪ್ರತಿ ಸಿಕ್ಕರೆ ಬಹುಶಃ ಭಯವಿಲ್ಲ, ಬೇರೆ ಬೇರೆ ಕಾಲದ ಎರಡು ಪ್ರತಿಗಳು ಸಿಕ್ಕರೆ ಭರವಸೆಯಿಲ್ಲವೆಂದು ತೀರ್ಮಾನಿಸಿದರು. ಅಂತರ್ಜಾಲದ ಉಗ್ರಾಣದಲ್ಲಿ ದಿನದಿನವೂ ಪ್ರತಿಯಿಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಮುಂದೆ ಅದರ ಸುಧಾರಣೆಯೂ ನಿಂತುಹೋಗಿ, ಅದನ್ನು ನಡೆಯಿಸುವವರೇ 2015ರಲ್ಲಿ ಹುಟ್ಟಿದ ಗೋಕ್ರಿಪ್ಟ್‌ಎಫ್‌ಎಸ್ ಎಂಬುದರ ಕಡೆಗೆ ಬೆರಳು ತೋರಿಸಿದರು.

ಆದರೆ ನಮ್ಮ ಅವಸರಕ್ಕೆ ಕಾರಣ ಬೇರೆಯೇ ಇತ್ತು. ಸಂಕೇತಪದ ತೀರ್ಥರೂಪರೊಬ್ಬರಿಗೇ ಗೊತ್ತು. ಅವರ ನೆನಪೋ ದಿನೇ ದಿನೇ ಸವೆಯುತ್ತಲಿತ್ತು. ಕೇಳಿದರೆ ಬಾಯಿಂದ ಹೇಳಲಾರರು. ಕೀಲಿಮಣೆಯ ಮುಂದೆ ಕುಳ್ಳಿರಿಸಿದರೆ ಮಾತ್ರ ಬೆರಳುಗಳು ತಾವಾಗಿಯೇ ಒತ್ತುವವು. ಆ ಬೆರಳುಗಳೂ ಮರೆಯುವ ಮೊದಲೇ ಕೆಲಸ ತೀರಬೇಕಾಗಿತ್ತು.

ಹಳೆಯ ಪೆಟ್ಟಿಗೆಯನ್ನು ಇದ್ದಲ್ಲಿಯೇ ಹೊಸದಾಗಿಸಲು ಬಾರದು. ಎರಡನ್ನೂ ತೆರೆದು, ಒಂದರಿಂದ ಇನ್ನೊಂದಕ್ಕೆ ತುಂಬಿ, ಕಡತಕ್ಕೆ ಕಡತ ತಾಳೆ ನೋಡಬೇಕು. ಹೊಸದು 4096 ಬೈಟುಗಳ ತುಣುಕು ತುಣುಕಿಗೂ ಮುದ್ರೆಯೊತ್ತುವದರಿಂದ ಕೆಟ್ಟ ಕಡತವನ್ನು ಕೂಡಲೆ ಗುರುತಿಸುವದು. ಹಳೆಯದರ ಸಾಮಾನ್ಯ ಏರ್ಪಾಡಿನಲ್ಲಿ ಆ ಸೌಕರ್ಯವಿರಲಿಲ್ಲ. ಕನ್ನಡಿಗರಿಗೆ ಇನ್ನೊಂದು ಲಾಭ. ಕಡತದ ಹೆಸರು 255 ಬೈಟುಗಳನ್ನು ಮೀರಬಾರದೆಂಬುದು ಲಿನಕ್ಸಿನ ಕಟ್ಟಳೆ. ಯುನಿಕೋಡಿನ ರೂಢಿಯ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ತುಳಸಿಗೇರಿ’ ಎಂದು ಬರೆದರೆ 27 ಆಯಿತು. ಗೂಢವಾದ ಹೆಸರು ಅದಕ್ಕೂ ಉದ್ದವಾಗುವದರಿಂದ ತೀರ್ಥರೂಪರು ಹೆಸರುಗಳನ್ನು ಮೊಟಕುಮಾಡಿದ್ದರು. ಹೊಸದು ಉದ್ದ ಹೆಸರನ್ನು ಬೇರೊಂದು ಚಿಕ್ಕ ಕಡತದಲ್ಲಿಟ್ಟು ನಿರ್ವಹಿಸುವದು.

ಹೊಸ ಪೆಟ್ಟಿಗೆ ಕಟ್ಟುವಾಗ ಮೂಲಕೀಲಿಯನ್ನು 64 ಅಂಕೆ-ಅಕ್ಷರಗಳಲ್ಲಿ ತೋರಿಸಿ, ಬರೆದಿಟ್ಟುಕೊಳ್ಳಿರೆಂದು ಸೂಚಿಸುವದು. ಬರೆದಿಟ್ಟರೆ ಗುಪ್ತವೆಲ್ಲಿ ಉಳಿಯಿತೆಂದು ತಮ್ಮನ ತಕರಾರು. ಒಕ್ಕಲುಮನೆಗೆ ಕಳ್ಳನಿಗಿಂತ ಮರೆವಿನ ಭಯವೇ ಹೆಚ್ಚೆಂದು ನಮ್ಮ ಮತ. ಕಡೆಗೆ ಎರಡು ಪ್ರತಿ ಬರೆದು, ಒಂದನ್ನು ಮನೆಯ ತಿಜೋರಿಯಲ್ಲಿಯೂ ಇನ್ನೊಂದನ್ನು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿಯೂ ಇಟ್ಟೆವು. ತೀರ್ಥರೂಪರು ಹಳೆಯ ಸಂಕೇತಪದವನ್ನು ಒತ್ತಿದ್ದು ಅದೇ ಕೊನೆಯ ಸಲ.

ಇಷ್ಟಾದರೂ ಕೆಲವು ಪತ್ರಗಳು ಓದಬರಲಿಲ್ಲ. ಅವು ನುಡಿ ತಂತ್ರಾಂಶದ ಹಳೆಯ ಅಕ್ಷರವ್ಯವಸ್ಥೆಯಲ್ಲಿದ್ದು, ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡವು. ಪರಿವರ್ತಕದಿಂದ ಅವನ್ನು ಯುನಿಕೋಡಿಗೆ ತಂದು, ಸರ್ವೇ ನಂಬರುಗಳನ್ನು ಮೂಲ ಕಾಗದದೊಡನೆ ಕೈಯಾರೆ ತಾಳೆ ನೋಡಿದೆವು. ಇನ್ನು ಉಳಿದದ್ದು ಅಟ್ಟದ ಮೇಲಿನ ಮೋಡಿ ಲಿಪಿಯ ರುಮಾಲು, ಮುಂಬಯಿ ಪ್ರಾಂತದ ಕಾಲದ್ದು. ಅದನ್ನು ಓದಬಲ್ಲವರನ್ನು ಧಾರವಾಡದಲ್ಲಿ ವಿಚಾರಿಸುತ್ತಲಿದ್ದೇವೆ.