ಆಡಿಟ್ ಆಫೀಸ್ ಡೈರಿ – 6 : ಹಸಿರು ಟಿಕ್

ಮೊದಲನೇ ಫೋಟೋ ನೋಡಿದ್ರಾ? ಕಣ್ಣು ಮುಚ್ಕೊಂಡು ಹಿಂದಕ್ಕೆ ಬೀಳ್ತಿರೋದು ನಾನೇ. ಹಿಡ್ಕೊಳ್ಳೋಕೆ ಕೈ ಚಾಚಿ ನಿಂತಿರೋ ಎಂಟು ಜನ ನಮ್ಮ ಆಫೀಸಿನವರು. ಎಲ್ಲರ ಮೈಮೇಲೂ ಒಂದೇ ನೀಲಿ ಟೀ ಶರ್ಟು. ಸ್ಟೋರಿಗೆ ಹಾಕಿದಾಗ ನಿಮ್ಮಲ್ಲಿ ತುಂಬಾ ಜನ "ಎಂಥಾ ಆಫೀಸು ಗುರೂ" ಅಂತ ಮೆಸೇಜ್ ಮಾಡಿದ್ರಿ. ಆ ಫೋಟೋ ತೆಗೆದ ಒಂದು ಗಂಟೆಗೆ ಏನಾಯ್ತು ಅಂತ ಇವತ್ತು ಹೇಳ್ತೀನಿ.

ಹೊಸದಾಗಿ ಬಂದವರಿಗೆ: ನಾನು ಸಂಜೆ ಕಾಲೇಜಲ್ಲಿ ಬಿಕಾಂ ಓದ್ತೀನಿ, ಹಗಲು ಬೆಂಗಳೂರಿನ ಒಂದು ಆಡಿಟರ್ ಆಫೀಸಲ್ಲಿ ಅಸಿಸ್ಟೆಂಟ್. ಕಾಲೇಜ್ ಫೀಸು ಹೋಗೋದು ಆ ಸಂಬಳದಲ್ಲೇ.

ಟ್ಯಾಕ್ಸ್ ಆಡಿಟ್ ಗಲಾಟೆ ಮುಗಿದ ಮೇಲೆ ವರ್ಷಕ್ಕೊಂದು ಸಲ ಇಡೀ ಆಫೀಸನ್ನ ರೆಸಾರ್ಟಿಗೆ ಕರ್ಕೊಂಡು ಹೋಗ್ತಾರೆ. ಅದರ ಹೆಸರು ಆನ್ಯುಯಲ್ ಕಾನ್ಫರೆನ್ಸ್. ಈ ಸಲ ರಾಮನಗರದ ಹತ್ರ. ಬಸ್ಸಲ್ಲಿ ಅಂತ್ಯಾಕ್ಷರಿ, ಬಿಡದಿಯಲ್ಲಿ ತಟ್ಟೆ ಇಡ್ಲಿ. ಬೆಳಿಗ್ಗೆ ಎಸಿ ಹಾಲಲ್ಲಿ ಸ್ಲೈಡು: ಎಷ್ಟು ಹೊಸ ಕ್ಲೈಂಟು, ಎಷ್ಟು ಫೀಸು ಬಾಕಿ, ಬರೋ ವರ್ಷ ಏನು. ಊಟ ಆದ್ಮೇಲೆ ಟೀಮ್ ಬಿಲ್ಡಿಂಗ್. ಅದಕ್ಕೆ ಹೊರಗಿಂದ ಒಬ್ಬರು ಟ್ರೈನರ್ ಬಂದಿದ್ರು. ಹಗ್ಗಜಗ್ಗಾಟ, ಕೈಕೈ ಹಿಡಿದು ಗಂಟಾಗಿ ಮತ್ತೆ ಬಿಡಿಸ್ಕೊಳ್ಳೋ ಆಟ, ಆಮೇಲೆ ಈ ಬೀಳೋ ಆಟ. ನಿಜ ಹೇಳ್ಬೇಕಂದ್ರೆ ಖುಷಿಯಾಗಿತ್ತು. ವರ್ಷಪೂರ್ತಿ "ಆ ಫೈಲ್ ಎಲ್ಲಿ?" ಅನ್ನೋದು ಬಿಟ್ರೆ ಬೇರೆ ಮಾತಾಡದ ಸರ್, ಹಗ್ಗದ ಜೊತೆ ಮಣ್ಣಲ್ಲಿ ಬಿದ್ದು ನಗ್ತಾ ಇದ್ರು.

ಕೊನೆಗೆ ಎಲ್ಲರೂ ರೌಂಡಾಗಿ ಕೂತ್ವಿ. "ಈ ವರ್ಷ ಮಾಡಿದ ಒಂದು ತಪ್ಪು ಹೇಳಿ, ಇಲ್ಲಿ ಯಾರೂ ಜಡ್ಜ್ ಮಾಡಲ್ಲ" ಅಂದ್ರು ಟ್ರೈನರ್. ಒಬ್ಬರು ಟೀ ಕಪ್ ತೊಳೀದೇ ಇಡ್ತಿದ್ದೆ ಅಂದ್ರು. ಇನ್ನೊಬ್ಬರು ಜ್ವರ ಅಂತ ಲೀವ್ ಹಾಕಿ ಸಿನಿಮಾಗೆ ಹೋಗಿದ್ದೆ ಅಂದ್ರು. ನಗು, ಚಪ್ಪಾಳೆ. ನನ್ನ ಸರದಿ ಬಂತು. ಈಗಷ್ಟೇ ಎಂಟು ಜನ ನನ್ನ ಬೀಳದ ಹಾಗೆ ಹಿಡಿದಿದ್ರಲ್ಲ, ಆ ಧೈರ್ಯ ಇರ್ಬೇಕು. ಬಾಯಿಂದ ಬಂದೇಬಿಡ್ತು: "ಸೆಪ್ಟೆಂಬರಲ್ಲಿ ಒಂದು ಫೈಲಲ್ಲಿ 43 ವೋಚರಿಗೆ ನೋಡದೇ ಟಿಕ್ ಹಾಕಿದೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಾಮರ್ಸ್ ಓದದವರಿಗೆ ಇದು ಯಾಕೆ ದೊಡ್ಡ ವಿಷಯ ಅಂತ ಹೇಳ್ಬೇಕು. ವೋಚಿಂಗ್ ಅಂದ್ರೆ, ಲೆಕ್ಕದಲ್ಲಿ ಬರೆದಿರೋ ಖರ್ಚಿಗೆ ಬಿಲ್ಲು, ರಸೀದಿ ಇದೆಯಾ ಅಂತ ಒಂದೊಂದೇ ತೆಗೆದು ನೋಡೋದು. ಸರಿ ಇದ್ರೆ ನಾನು ಹಸಿರು ಪೆನ್ನಲ್ಲಿ ಟಿಕ್ ಹಾಕ್ತೀನಿ. ನನ್ನ ಟಿಕ್ ನಂಬಿ ಸೀನಿಯರ್ ಅಕ್ಕ ಕೆಳಗೆ ಇನಿಶಿಯಲ್ ಹಾಕ್ತಾರೆ. ಅಕ್ಕನ್ನ ನಂಬಿ ಸರ್ ರಿಪೋರ್ಟಿಗೆ ಸಹಿ ಹಾಕ್ತಾರೆ. ಆ ಸಹಿ ಜೊತೆ 18 ಅಕ್ಷರ-ಅಂಕಿಯ ಯುಡಿಐಎನ್ ನಂಬರು ಹೋಗುತ್ತೆ. ಅಂದ್ರೆ ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ಕೊಡಬೇಕಾಗಿರೋದು ಸರ್.

ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ ಮಾಮೂಲಿ ಕೊನೇ ದಿನ ಸೆಪ್ಟೆಂಬರ್ 30. ಅದೇ ವಾರ ನನಗೆ ಇಂಟರ್ನಲ್ಸ್. ಕಾಲೇಜಿಗೆ ಓಡೋ ಅವಸರದಲ್ಲಿ, ಬಾಕ್ಸ್ ಫೈಲ್ ತೆಗೆಯದೇ ಸಾಲಾಗಿ ಟಿಕ್ ಎಳೆದೆ. ಹತ್ತು ನಿಮಿಷದ ಕೆಲಸ. ಎರಡು ತಿಂಗಳು ನಿದ್ದೆ ಕೆಟ್ಟಿತು.

ವಾಪಸ್ ಬರೋವಾಗ ಅಕ್ಕ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಲ್ಲಿ ಕಿಟಕಿ ಕಡೆ ತಿರುಗಿ ಕೂತಿದ್ರು. ಕೆಂಗೇರಿ ಹತ್ರ ಎದ್ದು ಬಂದ್ರು. ಬೈತಾರೆ ಅಂದ್ಕೊಂಡೆ. "ತಪ್ಪು ಎಲ್ಲರೂ ಮಾಡ್ತಾರೆ. ಆದ್ರೆ ಅಷ್ಟು ಜನರ ಮುಂದೆ ಹೇಳೋಕಾಯ್ತು, ಎರಡು ತಿಂಗಳು ನನ್ನ ಪಕ್ಕದಲ್ಲೇ ಕೂತು ನನ್ ಹತ್ರ ಹೇಳೋಕೆ ಆಗ್ಲಿಲ್ವಾ? ನಿನ್ನ ಟಿಕ್ ಕೆಳಗೆ ಇರೋದು ನನ್ನ ಇನಿಶಿಯಲ್ಲು" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಕೆಲಸ ಹೋಗುತ್ತೆ, ಫೀಸಿಗೆ ಏನ್ಮಾಡ್ಲಿ ಅನ್ನೋ ಭಯ ಇತ್ತು. ಅವರ ಹೆಸರೂ ಅದರಲ್ಲಿದೆ ಅನ್ನೋದು ತಲೆಗೇ ಬಂದಿರ್ಲಿಲ್ಲ.

ಸೋಮವಾರ ಆ ಬಾಕ್ಸ್ ಫೈಲ್ ಇಳಿಸಿದ್ವಿ. ಅಕ್ಕ ಪಕ್ಕದಲ್ಲೇ ಕೂತ್ರು. 42 ವೋಚರ್ ಸರಿ ಇತ್ತು. ಒಂದು ಸರಿ ಇರ್ಲಿಲ್ಲ: ಲೋಡಿಂಗ್ ಮಾಡಿಸಿದ ಒಬ್ಬರಿಗೆ ಒಂದೇ ದಿನ 14,500 ರೂಪಾಯಿ ಕ್ಯಾಶ್. ಆದಾಯ ತೆರಿಗೆ ಕಾಯ್ದೆ ಪ್ರಕಾರ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ಕ್ಯಾಶ್ ಕೊಟ್ರೆ ಆ ಖರ್ಚನ್ನ ಲಾಭದಿಂದ ಕಳೆಯೋ ಹಾಗಿಲ್ಲ, ಆಡಿಟ್ ರಿಪೋರ್ಟಲ್ಲಿ ತೋರಿಸಲೇಬೇಕು. ಕ್ಲೈಂಟ್ ಪಾರ್ಟ್‌ನರ್‌ಶಿಪ್ ಫರ್ಮು. 30 ಪರ್ಸೆಂಟ್ ತೆರಿಗೆ, ಸೆಸ್ ಸೇರಿ 4,524 ರೂಪಾಯಿ, ಬಡ್ಡಿ ಬೇರೆ. ದೊಡ್ಡ ಮೊತ್ತ ಏನಲ್ಲ. ಆದ್ರೆ ರಿಪೋರ್ಟ್ ಮತ್ತೆ ಮಾಡ್ಬೇಕು, ರಿಟರ್ನ್ ರಿವೈಸ್ ಮಾಡ್ಬೇಕು. ಸರ್ ಕ್ಲೈಂಟಿಗೆ ಫೋನ್ ಮಾಡಿದ್ರು. ಆ ಕಡೆಯವರು ಬೈದಿದ್ದು ಕ್ಯಾಬಿನ್ ಈಚೆಗೂ ಕೇಳಿಸ್ತು. ಸರ್ ಒಂದ್ಸಲನೂ ನನ್ನ ಹೆಸರು ಹೇಳಲಿಲ್ಲ. "ನಮ್ಮ ಕಡೆಯಿಂದ ಬಿಟ್ಟುಹೋಗಿದೆ" ಅಂದ್ರು ಅಷ್ಟೇ.

ಕೆಲಸ ಹೋಗ್ಲಿಲ್ಲ. ಆದ್ರೆ ಮೂರು ತಿಂಗಳು ನನ್ನ ಟಿಕ್ಕನ್ನೆಲ್ಲ ಇನ್ನೊಬ್ಬರು ಮತ್ತೆ ನೋಡ್ತಾರೆ. ನ್ಯಾಯವೇ.

ಮತ್ತೆ ಆ ಫೋಟೋ ನೋಡಿ. ಆಟದಲ್ಲಿ ಬೀಳೋದು ಸುಲಭ. ನೀವು ಬೀಳ್ತೀರಿ ಅಂತ ಹಿಂದೆ ಇರೋರಿಗೆ ಮೊದಲೇ ಗೊತ್ತು, ಕೈ ಚಾಚಿ ನಿಂತಿರ್ತಾರೆ. ಆಫೀಸಲ್ಲಿ ಯಾರೂ ಹಾಗೆ ನಿಂತಿರಲ್ಲ, ಅವರವರ ಫೈಲಲ್ಲಿ ಅವರವರು ಮುಳುಗಿರ್ತಾರೆ. ಬೀಳೋ ಮುಂಚೆ ನಾವೇ "ಅಕ್ಕಾ" ಅಂತ ಕೂಗಬೇಕು.

ಈ ತಿಂಗಳು ಜಿಎಸ್‌ಟಿ 3ಬಿ ಕೊನೇ ದಿನ 20, ನನ್ನ ಪರೀಕ್ಷೆ 19. ಹನ್ನೆರಡನೇ ತಾರೀಖೇ ಅಕ್ಕನ ಟೇಬಲ್ ಹತ್ರ ಹೋಗಿ "ಇಷ್ಟೂ ನನ್ನ ಕೈಲಿ ಆಗಲ್ಲ" ಅಂದೆ. ಹೇಳೋವಾಗ ಬೀಳೋ ಆಟಕ್ಕಿಂತ ಜಾಸ್ತಿ ಎದೆ ಹೊಡ್ಕೊಳ್ತಿತ್ತು. ಅಕ್ಕ ಕ್ಯಾಲೆಂಡರ್ ನೋಡಿ, "ಎರಡು ಫೈಲ್ ಇಲ್ಲಿಡು, ಹೋಗಿ ಓದ್ಕೋ" ಅಂದ್ರು.

ನೀವೂ ಯಾರಿಗೋ ಹೇಳಬೇಕಾಗಿರೋದನ್ನ ಹೇಳದೇ ಇಟ್ಕೊಂಡಿದೀರಾ? ನನಗೆ ಹೇಳೋದು ಬೇಡ. ಅವರಿಗೇ ಹೇಳಿ, ಇವತ್ತೇ.

ಮುಂದಿನ ಭಾಗ ಪರೀಕ್ಷೆ ಮುಗಿದ ಮೇಲೆ.

#ಆಡಿಟ್_ಆಫೀಸ್_ಡೈರಿ #ಸಂಜೆ_ಕಾಲೇಜು #ಬಿಕಾಂ_ಬದುಕು